ಗಾಳದ ಹಗ್ಗವನ್ನು ಮುದುಕ ದೋಣಿಗೇಕೆ ಕಟ್ಟಲಿಲ್ಲ?

ಕಳೆದ ತಿಂಗಳು ನಮ್ಮ ಕಾಲೇಜು ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ತಂದೆ. ಅರ್ನೆಸ್ಟ್ ಹೆಮಿಂಗ್ವೆ ಬರೆದ ‘ದಿ ಓಲ್ಡ್ ಮ್ಯಾನ್ ಆ್ಯಂಡ್ ದ ಸೀ’. ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ತಂದದ್ದು, ಸುಳ್ಳು ಹೇಳುವುದಿಲ್ಲ. ಜಗಲಿಯಲ್ಲಿ ಕುಳಿತಿದ್ದ ಅಜ್ಜ ಅದು ಯಾವ ಪುಸ್ತಕ ಎಂದು ಕೇಳಿದರು. ಮುದುಕನೊಬ್ಬ ಒಬ್ಬನೇ ಹೋಗಿ ದೊಡ್ಡ ಮೀನು ಹಿಡಿಯುವ ಕಥೆ ಎಂದೆ. ‘ಎಷ್ಟು ದೊಡ್ಡದು?’ ಎಂದರು. ಅಂದಿನಿಂದ ನಾಲ್ಕು ಸಂಜೆ ನಾನು ಓದಿ ಮನೆಮಾತಿನಲ್ಲಿ ಹೇಳುವುದು, ಅವರು ಕೇಳುವುದು ನಡೆಯಿತು. ಅಜ್ಜ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಗಂಗೊಳ್ಳಿಯಿಂದ ಕಡಲಿಗೆ ಹೋದವರು. ನನಗೆ ಪುಸ್ತಕದಲ್ಲಿ ತಿಳಿಯದೇ ಹೋದ ಒಂದು ವಿಷಯ ಅವರಿಂದ ತಿಳಿಯಿತು.

ಕಥೆ ನಡೆಯುವುದು ಕ್ಯೂಬಾ ದೇಶದಲ್ಲಿ, ಹವಾನಾ ನಗರದ ಹತ್ತಿರ. ಮುದುಕನ ಹೆಸರು ಸಾಂಟಿಯಾಗೊ. 84 ದಿನಗಳಿಂದ ಅವನ ಗಾಳಕ್ಕೆ ಒಂದು ಮೀನೂ ಬಿದ್ದಿಲ್ಲ. ಮೊದಲ 40 ದಿನ ಮ್ಯಾನೊಲಿನ್ ಎಂಬ ಹುಡುಗ ಅವನ ಜೊತೆಗಿದ್ದ. ಮುದುಕನಿಗೆ ದುರದೃಷ್ಟ ಹಿಡಿದಿದೆ ಎಂದು ಹುಡುಗನ ತಂದೆತಾಯಿ ಅವನನ್ನು ಬೇರೆ ದೋಣಿಗೆ ಕಳಿಸಿದರು. 85ನೆಯ ದಿನ ಮುದುಕ ಒಬ್ಬನೇ ಬಹಳ ದೂರ, ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಸಾಗರ ಪ್ರವಾಹಕ್ಕೆ ಹೋಗುತ್ತಾನೆ. ಬೇರೆ ಬೇರೆ ಆಳಕ್ಕೆ ನಾಲ್ಕು ಗಾಳ ಇಳಿಬಿಡುತ್ತಾನೆ. ಸುಮಾರು ನೂರು ಮಾರು ಆಳದಲ್ಲಿ ಒಂದು ಮಾರ್ಲಿನ್ ಮೀನು ಕಚ್ಚುತ್ತದೆ. ಈಟಿಯ ಹಾಗೆ ಉದ್ದ ಮೂತಿ ಇರುವ ಮೀನು. ಅಳತೆ 18 ಅಡಿ ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ದೋಣಿಗಿಂತಲೂ ಎರಡು ಅಡಿ ಉದ್ದ! ಇದನ್ನು ಹೇಳಿದಾಗ ಅಜ್ಜ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು.

ಮೀನು ಮೇಲೆ ಬರುವುದಿಲ್ಲ, ಹಗ್ಗ ಹರಿಯುವುದೂ ಇಲ್ಲ. ದೋಣಿಯನ್ನೇ ಎಳೆದುಕೊಂಡು ಹೊರಟುಬಿಡುತ್ತದೆ. ಮುದುಕ ಹಗ್ಗವನ್ನು ಬೆನ್ನಿನ ಮೇಲಿಂದ ಹಾಯಿಸಿ, ಅದರ ಅಡಿಗೆ ಗೋಣಿ ಇಟ್ಟುಕೊಂಡು, ಎರಡು ಹಗಲು ಎರಡು ರಾತ್ರಿ ಹಾಗೆಯೇ ಹಿಡಿದಿರುತ್ತಾನೆ. ಇಲ್ಲಿ ನನಗೊಂದು ಪ್ರಶ್ನೆ ಬಂತು. ಹಗ್ಗ ದಪ್ಪ ಪೆನ್ಸಿಲ್‌ನಷ್ಟು ಗಟ್ಟಿಯಾಗಿದೆ. ದೋಣಿಗೆ ಬಿಗಿದು ಕಟ್ಟಿ ಆರಾಮವಾಗಿ ಕೂರಬಹುದಲ್ಲ? ಬೆನ್ನು ಏಕೆ ಸುಲಿಸಿಕೊಳ್ಳಬೇಕು?

ಅಜ್ಜನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಕಟ್ಟಿದರೆ ಮೊದಲ ಜಗ್ಗಿಗೇ ಹರಿಯುತ್ತದೆ ಎಂದರು. ಮರದ ದೋಣಿ ಬಾಗುವುದಿಲ್ಲ, ಸಡಿಲ ಬಿಡುವುದಿಲ್ಲ. ಮನುಷ್ಯನ ಕೈ ಬಿಡುತ್ತದೆ. ಮೀನು ಜಗ್ಗಿದಾಗ ಒಂದು ಮಾರು ಬಿಡಬೇಕು, ಸುಸ್ತಾದಾಗ ಅರ್ಧ ಮಾರು ಎಳೆದುಕೊಳ್ಳಬೇಕು. ಆ ಲೆಕ್ಕ ಕೈಗೆ ಮಾತ್ರ ಗೊತ್ತು.

ವಿಜ್ಞಾನ ವಿಭಾಗದ ಗೆಳೆಯರಿಗೆ ಇದು ಭೌತಶಾಸ್ತ್ರದಲ್ಲಿ ಓದಿದ ವಿಷಯವೇ. ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ನಾವು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಚೆಂಡು ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಕೈಮೇಲೆ ಬೀಳುವ ಬಲ ಕಡಿಮೆಯಾಗುತ್ತದೆ. ಕೈ ಗಟ್ಟಿಯಾಗಿ ಇಟ್ಟರೆ ಬೆರಳು ಮುರಿಯುತ್ತದೆ. ಮುದುಕನ ಅಂದಾಜಿನಲ್ಲಿ ಆ ಮೀನಿನ ತೂಕ 1500 ಪೌಂಡ್‌ಗೂ ಮೇಲೆ, ಅಂದರೆ ಸುಮಾರು 680 ಕಿಲೋ. ಅದು ಒಮ್ಮೆಲೇ ಮುನ್ನುಗ್ಗಿದರೆ ಬಿಗಿದು ಕಟ್ಟಿದ ಹಗ್ಗ ತಡೆಯುವುದಿಲ್ಲ. ಹಾಗಾಗಿ ಮುದುಕ ತನ್ನ ದೇಹವನ್ನೇ ಸ್ಪ್ರಿಂಗ್ ಮಾಡಿಕೊಂಡ. ವರ್ಷವಿಡೀ ಲೆಕ್ಕ ಬಿಡಿಸಿದರೂ ನನಗೆ ಈ ಪಾಠ ಹತ್ತಿರಕ್ಕೆ ಬಂದದ್ದು ಆ ಸಂಜೆ. (ಇನ್ನೊಂದು ಮಾತು. ಪುಸ್ತಕದಲ್ಲಿ ಆ ಮೀನು ಗಂಡು. ಆದರೆ ನೀಲಿ ಮಾರ್ಲಿನ್‌ಗಳಲ್ಲಿ ಬಹಳ ದೊಡ್ಡದಾಗಿ ಬೆಳೆಯುವವು ಹೆಣ್ಣುಗಳು.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೇಹವೇ ಸ್ಪ್ರಿಂಗ್ ಆದ ಮೇಲೆ ಉಳಿದ ಕೆಲಸ ಮಾಡುವವರು ಯಾರು? ಎರಡನೆಯ ದಿನ ಮುದುಕನ ಎಡಗೈ ಮರಗಟ್ಟಿ ಮುಷ್ಟಿ ಬಿಚ್ಚಲಾಗುವುದಿಲ್ಲ. ಹುಡುಗ ಇದ್ದಿದ್ದರೆ ಮೊಣಕೈಯಿಂದ ತಿಕ್ಕಿ ಸಡಿಲ ಮಾಡುತ್ತಿದ್ದ ಎಂದುಕೊಳ್ಳುತ್ತಾನೆ. ಒಂದೇ ಕೈಯಲ್ಲಿ ಮೀನು ಸೀಳಿ ಉಪ್ಪಿಲ್ಲದೆ ಹಸಿಯಾಗಿ ತಿನ್ನುತ್ತಾನೆ. ಎರಡನೆಯ ರಾತ್ರಿ ಸ್ವಲ್ಪ ಕಣ್ಣು ಮುಚ್ಚಿದಾಗ ಮೀನು ನೆಗೆದು ಓಡುತ್ತದೆ, ಹಗ್ಗ ಕೈಯನ್ನು ಸುಡುತ್ತಾ ಕೊಯ್ಯುತ್ತದೆ. ಹುಡುಗ ಇದ್ದಿದ್ದರೆ ಹಗ್ಗದ ಸುರುಳಿಗೆ ನೀರು ಹಾಕುತ್ತಿದ್ದ ಎಂದು ಆಗಲೂ ಅವನಿಗೆ ನೆನಪಾಗುತ್ತದೆ. ಇಡೀ ಪುಸ್ತಕದಲ್ಲಿ ಅವನು ಆ ಹುಡುಗನನ್ನು ಎಷ್ಟು ಸಲ ನೆನೆಯುತ್ತಾನೆ ಎಂದರೆ, ಎರಡನೆಯ ಸಂಜೆಯ ಹೊತ್ತಿಗೆ ಅಜ್ಜ ‘ಮತ್ತೆ ಹುಡುಗನನ್ನು ಕೇಳಿದನಾ?’ ಎನ್ನತೊಡಗಿದರು.

ಮೂರನೆಯ ದಿನ ಮೀನು ದೋಣಿಯ ಸುತ್ತ ಸುತ್ತತೊಡಗುತ್ತದೆ. ಮುದುಕ ಈಟಿಯಿಂದ ಅದನ್ನು ಕೊಲ್ಲುತ್ತಾನೆ. ದೋಣಿಯೊಳಗೆ ಹಿಡಿಯುವುದಿಲ್ಲವಾದ್ದರಿಂದ ಪಕ್ಕಕ್ಕೆ ಕಟ್ಟುತ್ತಾನೆ. ಒಂದು ಗಂಟೆಯಲ್ಲಿ ರಕ್ತದ ವಾಸನೆಗೆ ಮೊದಲ ಶಾರ್ಕ್ ಬರುತ್ತದೆ. ಅದನ್ನು ಕೊಂದರೂ ಈಟಿ ಹೋಗುತ್ತದೆ. ಮತ್ತೆ ಬಂದವುಗಳ ಜೊತೆ ಹೋರಾಡುತ್ತಾ ಚಾಕು ಮುರಿಯುತ್ತದೆ, ಕಡೆಗೆ ಚುಕ್ಕಾಣಿಯ ಹಿಡಿಯೂ ಮುರಿಯುತ್ತದೆ. ದಡಕ್ಕೆ ಬಂದದ್ದು ತಲೆ, ಬೆನ್ನುಮೂಳೆ ಮತ್ತು ಬಾಲ.

ಇದು ಬರೀ ಕಲ್ಪನೆ ಎಂದುಕೊಳ್ಳಬೇಡಿ. ಪುಸ್ತಕ ಬಂದದ್ದು 1952ರಲ್ಲಿ. ಅದಕ್ಕೆ 16 ವರ್ಷ ಮೊದಲೇ, 1936ರಲ್ಲಿ, ಹೆಮಿಂಗ್ವೆ ‘ಎಸ್ಕ್ವೈರ್’ ಪತ್ರಿಕೆಯ ಲೇಖನವೊಂದರಲ್ಲಿ ತಾನು ಕೇಳಿದ ಒಂದು ಘಟನೆಯನ್ನು ಬರೆದಿದ್ದ. ಕ್ಯೂಬಾದ ಕಬಾನ್ಯಾಸ್ ಎದುರಿನ ಕಡಲಲ್ಲಿ ಒಬ್ಬನೇ ಮೀನು ಹಿಡಿಯುತ್ತಿದ್ದ ಮುದುಕನೊಬ್ಬನ ದೋಣಿಯನ್ನು ಮಾರ್ಲಿನ್ ಎಳೆದೊಯ್ದಿತ್ತು. ಎರಡು ದಿನದ ನಂತರ 60 ಮೈಲಿ ಪೂರ್ವಕ್ಕೆ ಬೇರೆ ಮೀನುಗಾರರು ಅವನನ್ನು ಕಂಡರು. ಅರ್ಧಕ್ಕಿಂತ ಕಡಿಮೆ ಉಳಿದಿದ್ದ ಮೀನೇ 800 ಪೌಂಡ್ ತೂಗಿತು. ಶಾರ್ಕ್‌ಗಳು ಇನ್ನೂ ಸುತ್ತುತ್ತಿದ್ದವು. ಆ ಮುದುಕ ದೋಣಿಯಲ್ಲಿ ಕುಳಿತು ಅಳುತ್ತಿದ್ದ, ಅರೆಹುಚ್ಚನಂತಾಗಿದ್ದ.

ಪುಸ್ತಕದಲ್ಲಿ ಅಳುವವನು ಸಾಂಟಿಯಾಗೊ ಅಲ್ಲ. ಬೆಳಿಗ್ಗೆ ಗುಡಿಸಲಿಗೆ ಬಂದು, ಮಲಗಿರುವ ಮುದುಕನ ಕೈಗಳನ್ನು ನೋಡಿ ಹುಡುಗ ಅಳುತ್ತಾನೆ. ಅಳುತ್ತಲೇ ಕಾಫಿ ತರಲು ಹೋಗುತ್ತಾನೆ. ಮನೆಯವರು ಏನೇ ಹೇಳಲಿ, ಇನ್ನು ಮುಂದೆ ನಿನ್ನ ಜೊತೆಗೇ ಬರುತ್ತೇನೆ ಎನ್ನುತ್ತಾನೆ. ಕೇಳಿದ ಘಟನೆಯಲ್ಲಿ ಇರದ ಈ ಹುಡುಗನನ್ನು ಹೆಮಿಂಗ್ವೆ ಏಕೆ ತಂದ ಎಂದು ಯೋಚಿಸಿದರೆ ನನಗೆ ಪುಸ್ತಕವೇ ಬೇರೆಯಾಗಿ ಕಾಣುತ್ತದೆ. ಈ ಪುಸ್ತಕಕ್ಕೆ 1953ರಲ್ಲಿ ಪುಲಿಟ್ಜರ್ ಬಹುಮಾನ, ಮರುವರ್ಷ ಲೇಖಕನಿಗೆ ನೊಬೆಲ್ ಬಂತು. ಸೋಲದ ಮನುಷ್ಯನ ಬಗ್ಗೆ ಇದರಲ್ಲಿರುವ ಒಂದು ವಾಕ್ಯವನ್ನು ಎಲ್ಲರೂ ಪೋಸ್ಟರ್ ಮಾಡಿ ಹಂಚುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬನೇ ಇರುವುದು ದೊಡ್ಡತನ ಎಂದು ಈ ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಒಬ್ಬನೇ ಇದ್ದದ್ದೇ ಮುದುಕನ ಕಷ್ಟ. ಅಜ್ಜನ ತೀರ್ಪು ಇನ್ನೂ ಕಠಿಣ: ಮೀನು ಹಿಡಿದದ್ದು ಸರಿ, ಅಷ್ಟು ದೂರ ಒಬ್ಬನೇ ಹೋದದ್ದು ತಪ್ಪು.

ಇದನ್ನು ಹೇಳಲು ಅಜ್ಜನಿಗೆ ಹಕ್ಕಿದೆಯೇ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಯಾರಿಗೂ ಹೇಳದೆ ಸಣ್ಣ ದೋಣಿಯಲ್ಲಿ ಗಾಳ ತೆಗೆದುಕೊಂಡು ಅಳಿವೆಯ ಕಡೆ ಹೋಗಿದ್ದರು. ಮಧ್ಯಾಹ್ನ ಕಳೆದರೂ ಬರಲಿಲ್ಲ. ಅಮ್ಮ ಅನ್ನ ಬಡಿಸಿಟ್ಟು ಬಾಗಿಲಲ್ಲೇ ನಿಂತಿದ್ದರು. ಅಜ್ಜ ಬಂದಾಗ ಕೈಯಲ್ಲಿ ಎರಡು ಸಣ್ಣ ಮೀನು, ಅಂಗೈಯಲ್ಲಿ ದಾರ ಕೊಯ್ದ ಗೆರೆ. ಅಪ್ಪ ಜೋರಾಗಿ ಬೈದರು. ನನಗೆ ಪರೀಕ್ಷೆ ಇತ್ತು, ನಾನು ಏನೂ ಕೇಳದೆ ಒಳಗೆ ಹೋಗಿದ್ದೆ. ಆಮೇಲೆ ಅವರು ಕಡಲಿಗೆ ಹೋಗಲಿಲ್ಲ, ಜಗಲಿಯಲ್ಲಿ ಕೂರತೊಡಗಿದರು.

ಪುಸ್ತಕ ಮುಗಿದ ಸಂಜೆ ನಾನು ಅವರ ಅಂಗೈ ನೋಡಿದೆ. ಗೆರೆ ಇನ್ನೂ ಇದೆ. ಬರುವ ಭಾನುವಾರ ಇಬ್ಬರೂ ಅಳಿವೆಗೆ ಹೋಗೋಣ, ನೀರು ಹಾಕುವ ಕೆಲಸ ನನ್ನದು ಎಂದೆ. ನಿನಗೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ನೀವೇ ಎಬ್ಬಿಸಬೇಕು ಎಂದಿದ್ದೇನೆ.