ಹತ್ತು ದಿನದ ವಿದೇಶ ಪ್ರವಾಸ: ಸಕ್ಕರೆ ಕಾಯಿಲೆಯವರು ಗಮನಿಸಬೇಕಾದದ್ದು

ಓದಲೆಂದು ಇಂಗ್ಲೆಂಡಿಗೆ ಹೋದ ಗೆಳೆಯನನ್ನೋ ತಮ್ಮನನ್ನೋ ನೋಡಿ ಬರಲು ದಸರಾ-ದೀಪಾವಳಿ ರಜೆಯಲ್ಲಿ ಹೊರಡುವವರು ಈಗ ನಮ್ಮ ವಾಡಿ, ಶಹಾಬಾದ, ಸೇಡಂ ಕಡೆಯಲ್ಲೂ ಇದ್ದಾರೆ. ಹೊರಡುವ ಮುನ್ನ ವೀಸಾ, ಟಿಕೆಟ್, ಸ್ವೆಟರ್ ಎಲ್ಲವನ್ನೂ ಹತ್ತು ಜನರಲ್ಲಿ ವಿಚಾರಿಸುತ್ತಾರೆ. ದಿನವೂ ತೆಗೆದುಕೊಳ್ಳುವ ಔಷಧಿಯ ಮಾತು ಬಂದರೆ ಮಾತ್ರ, ‘ಹತ್ತು ದಿನಕ್ಕೆ ಏನಾಗುತ್ತದೆ ಡಾಕ್ಟರೇ’ ಎನ್ನುತ್ತಾರೆ. ಮಧುಮೇಹ ಇರುವವರಿಗೆ, ಅದರಲ್ಲೂ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಈ ಹತ್ತು ದಿನಗಳಲ್ಲೇ ಅಪಾಯವಾಗಬಹುದು. ಅದು ಅಲ್ಲಿನ ಯಾವುದೋ ಹೊಸ ರೋಗದಿಂದಲ್ಲ. ಇಲ್ಲಿನ ದಿನಚರಿ ತಪ್ಪುವುದರಿಂದ.

40 ಮತ್ತು 100ರ ವ್ಯತ್ಯಾಸ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ ಇದು. ನಮ್ಮಲ್ಲಿ ಶೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯುನಿಟ್ ಶಕ್ತಿಯದು. ಅದಕ್ಕೆಂದೇ ಕೆಂಪು ಮುಚ್ಚಳದ ಸಿರಿಂಜ್ ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಮಿಲಿಲೀಟರಿಗೆ 100 ಯುನಿಟ್ ಇರುವ ಇನ್ಸುಲಿನ್. ನಿಮ್ಮ ಶೀಸೆ ಒಡೆದು, ಅಲ್ಲಿನ ಇನ್ಸುಲಿನ್ ಪಡೆದು, ಊರಿನಿಂದ ಒಯ್ದ ಸಿರಿಂಜಿನಲ್ಲೇ 20ರ ಗೆರೆಯವರೆಗೆ ಎಳೆದುಕೊಂಡಿರಿ ಎನ್ನೋಣ. ಆಗ ಶರೀರಕ್ಕೆ ಹೋಗುವುದು 20 ಯುನಿಟ್ ಅಲ್ಲ, 50. ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಲು ಇಷ್ಟು ಸಾಕು.

ಆದ್ದರಿಂದ ಬೇಕಾದುದಕ್ಕಿಂತ ಒಂದು ವಾರದಷ್ಟು ಹೆಚ್ಚು ಇನ್ಸುಲಿನ್ ಮತ್ತು ಅದಕ್ಕೆ ಹೊಂದುವ ಸಿರಿಂಜ್ ಎರಡನ್ನೂ ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಕೊಳ್ಳಲೇಬೇಕಾಗಿ ಬಂದರೆ ಇನ್ಸುಲಿನ್ ಜೊತೆಗೆ ಸಿರಿಂಜನ್ನೂ ಅಲ್ಲಿನದನ್ನೇ ಪಡೆಯಿರಿ. ಪೆನ್ ಬಳಸುವವರು ಹೆಚ್ಚಿನ ಸೂಜಿಗಳನ್ನು ಮರೆಯಬಾರದು.

ಸಕ್ಕರೆ ಅಳೆಯುವ ಲೆಕ್ಕವೂ ಅಲ್ಲಿ ಬೇರೆ. ನಮ್ಮ ಯಂತ್ರ 126 ಎಂದು ತೋರಿಸುವುದನ್ನು ಅಲ್ಲಿನ ಯಂತ್ರ 7 ಎಂದು ತೋರಿಸುತ್ತದೆ. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. ಗೊಂದಲವೇ ಬೇಡವೆಂದರೆ ನಿಮ್ಮ ಯಂತ್ರವನ್ನೇ ಒಯ್ಯಿರಿ.

ಕೈಚೀಲದಲ್ಲಿಯೇ ಇರಲಿ

ಔಷಧಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಸಾಮಾನಿಗೆ ಹಾಕಬೇಡಿ. ಪೆಟ್ಟಿಗೆ ತಡವಾಗಿ ಬರಬಹುದು; ಸಾಮಾನಿನ ವಿಭಾಗದ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಲೂಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಗೆಳೆಯನ ಕೋಣೆಯ ಫ್ರಿಜ್ಜಿನಲ್ಲಿ ಇಡುವಾಗಲೂ ಮಂಜುಗಡ್ಡೆಯ ಖಾನೆಯಿಂದ ದೂರವಿಡಿ.

ಗುಳಿಗೆಗಳನ್ನು ಡಬ್ಬಿಗೆ ಸುರಿಯದೆ, ಹೆಸರು ಕಾಣುವ ಪಟ್ಟಿಯಲ್ಲೇ ಇಡಿ. ನಿಮ್ಮ ಕಾಯಿಲೆ, ಔಷಧಿಯ ಮೂಲ ಹೆಸರು, ಪ್ರಮಾಣ, ಸೂಜಿ ಒಯ್ಯುವ ಕಾರಣ ಇವನ್ನು ಬರೆದ ವೈದ್ಯರ ಪತ್ರ ಜೊತೆಗಿರಲಿ. ನಿದ್ರೆಯ ಗುಳಿಗೆ, ಟ್ರಮಡಾಲ್‌ನಂಥ ನೋವಿನ ಗುಳಿಗೆಗಳಿಗೆ ಹೊರದೇಶಗಳಲ್ಲಿ ಬಿಗಿಯಾದ ಕಾನೂನುಗಳಿವೆ. ದುಬೈ ಮಾರ್ಗವಾಗಿ ಹೋಗುವವರು ಇದನ್ನು ಮೊದಲೇ ವಿಚಾರಿಸಬೇಕು. ‘ಅಲ್ಲಿರುವ ನಮ್ಮ ಹುಡುಗನಿಗೆ ಕೊಡಿ’ ಎಂದು ಯಾರಾದರೂ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಒಯ್ಯಬೇಡಿ.

ದಾರಿಯಲ್ಲಿ

ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದ್ ತಲುಪುವ ರೈಲು, ವಿಮಾನ ನಿಲ್ದಾಣದ ಕಾಯುವಿಕೆ, ಆಮೇಲೆ ಲಂಡನ್ನಿಗೆ ನೇರವಾಗಿ ಹೋದರೂ ಹತ್ತು ಗಂಟೆಯ ವಿಮಾನ. ಇಷ್ಟು ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿದಂತೆ, ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಸಂಭವ ಸುಮಾರು ಇಮ್ಮಡಿ. ಹಾಗೆಂದು ಹೆದರಬೇಕಿಲ್ಲ, ಅದು ಸುಮಾರು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ ಆಗುವಂಥದ್ದು. ಆಗಾಗ ಎದ್ದು ನಡೆಯಿರಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕೇಳಬೇಕು. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಊರಿಗೆ ಮರಳಿ ಕೆಲವು ವಾರಗಳಾಗಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂತರ ಐದೂವರೆ ಆಗುತ್ತದೆ. ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಗಿಡ್ಡ. ಆ ಎರಡು ದಿನಗಳ ಇನ್ಸುಲಿನ್ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ವಿಮಾನದಲ್ಲಿ ತಟ್ಟೆ ಎದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಿ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತು ಎರಡು ಪಾಲು ಚುಚ್ಚಿಕೊಳ್ಳಬಾರದು.

ಗೆಳೆಯನಿಗೂ ತಿಳಿದಿರಲಿ

ನಮ್ಮಲ್ಲಿ ಅಕ್ಟೋಬರಿನ ಹಗಲು 30 ಡಿಗ್ರಿ ಮುಟ್ಟಿದರೆ ಅಲ್ಲಿ 15ರ ಆಸುಪಾಸು. ಚಳಿಗೆ ರಕ್ತದೊತ್ತಡ ಏರುತ್ತದೆ, ದಮ್ಮು ಕೆರಳುತ್ತದೆ. ಕಿವಿ, ಎದೆ ಮುಚ್ಚಿಕೊಳ್ಳಿ. ಪಾದದ ಸ್ಪರ್ಶ ಕಡಿಮೆಯಾಗಿರುವವರು ಹೀಟರಿನ ಹತ್ತಿರ ಕಾಲು ಚಾಚಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಹೊಸ ಬೂಟುಗಳನ್ನು ಊರಿನಲ್ಲೇ ಕೆಲವು ದಿನ ಹಾಕಿ ರೂಢಿ ಮಾಡಿಕೊಳ್ಳಿ.

ಊರು ನೋಡುವ ಉತ್ಸಾಹದಲ್ಲಿ ದಿನವಿಡೀ ನಡೆದು, ಊಟ ತಡವಾಗಿ ಸಕ್ಕರೆ ಇಳಿಯುವುದುಂಟು. ಬೆವರು, ನಡುಕ, ಮಂಕು, ವಿನಾಕಾರಣ ಸಿಡಿಮಿಡಿ ಇದರ ಗುರುತು. ಈ ಗುರುತುಗಳನ್ನು ಗೆಳೆಯನಿಗೆ ಮೊದಲ ದಿನವೇ ಹೇಳಿ. ಕೂಡಲೇ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 999ಕ್ಕೆ ಫೋನ್ ಮಾಡಬೇಕು.

ಪ್ರವಾಸಿಗಳು ಅಲ್ಲಿನ ಆಸ್ಪತ್ರೆಯಲ್ಲಿ ದಾಖಲಾದರೆ ಖರ್ಚು ಅವರದೇ. ಪ್ರವಾಸ ವಿಮೆ ಮಾಡಿಸುವಾಗ ನಿಮ್ಮ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಬಾರದು.

ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ನಿಮ್ಮ ವೈದ್ಯರನ್ನು ಕಾಣಿರಿ. ಫ್ಲೂ ಲಸಿಕೆ ಪಡೆಯಲಿಕ್ಕೂ ಅದೇ ಸರಿಯಾದ ಸಮಯ. ಲಸಿಕೆಯ ಬಲ ಬರಲು ಸುಮಾರು ಎರಡು ವಾರ ಬೇಕು.