ಭಾನುವಾರದ ಕನ್ನಡಕ್ಕೆ ವಾರದಲ್ಲೊಂದು ಜಾಗ



ಒಂದು ವಾರಕ್ಕೆ 168 ಗಂಟೆ. ಅದರಲ್ಲಿ ನಮ್ಮ ಕನ್ನಡ ತರಗತಿಗೆ ಸಿಗುವುದು ಭಾನುವಾರದ ಒಂದೂವರೆ ಗಂಟೆ ಮಾತ್ರ. ಉಳಿದದ್ದು ಶಾಲೆ, ನಿದ್ದೆ, ಈಜು, ಸಾಕರ್, ಪಿಯಾನೋ, ಹುಟ್ಟುಹಬ್ಬದ ಪಾರ್ಟಿಗಳಿಗೆ ಹಂಚಿಹೋಗುತ್ತದೆ. ಕನ್ನಡದ ಹೋಮ್‌ವರ್ಕ್ ಹೊರಬರುವುದು ಶನಿವಾರ ರಾತ್ರಿ. ಕೆಲವು ಮನೆಗಳಲ್ಲಿ ಭಾನುವಾರ ಬೆಳಿಗ್ಗೆ, ಕಾರಿನ ಹಿಂದಿನ ಸೀಟಿನಲ್ಲಿ!

ಮಕ್ಕಳು ಕನ್ನಡ ಓದಿ ಬರೆಯಬೇಕೆಂಬ ಆಸೆ ನಮಗೆಲ್ಲರಿಗೂ ಇದೆ. ಆದರೆ ವಾರದ ವೇಳಾಪಟ್ಟಿಯಲ್ಲಿ ಆ ಆಸೆಗೆ ಜಾಗ ಕೊಟ್ಟಿದ್ದೇವೆಯೇ?

ಒಂದೇ ಸಲ ಓದಿದರೆ ಏಕೆ ಸಾಲದು?

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ನೆನಪಿನ ಬಗ್ಗೆ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪುಸ್ತಕ ಬರೆದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಅವರು ಕಂಡುಕೊಂಡರು. ಒಂದೇ ಸಲ ಕುಳಿತು ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಕಲಿತದ್ದು ಚೆನ್ನಾಗಿ ಉಳಿಯುತ್ತದೆ ಎಂದೂ ತೋರಿಸಿದರು.

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅದರ 34 ವ್ಯಂಜನಗಳಿಗೂ ಕಾಗುಣಿತವಿದೆ, ಒತ್ತಕ್ಷರವಿದೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳಂತೂ ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಭಾನುವಾರ ಕಲಿತ 'ಮ' ಒತ್ತು ಮುಂದಿನ ಶನಿವಾರದವರೆಗೆ ಕಣ್ಣಿಗೆ ಬೀಳದಿದ್ದರೆ, 'ಅಮ್ಮ' ಎಂದು ಬರೆಯಲೂ ಮಗು ತಡವರಿಸುತ್ತದೆ.

ವಾರವನ್ನು ಹೊಂದಿಸುವುದು ಹೇಗೆ?

ಮೊದಲು, ಗುರಿ ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ. "ಕನ್ನಡ ಚೆನ್ನಾಗಿ ಕಲಿಯಬೇಕು" ಎನ್ನುವುದಕ್ಕಿಂತ "ಅಜ್ಜಿ ಕಳಿಸುವ ವಾಟ್ಸ್ಆ್ಯಪ್ ಸಂದೇಶವನ್ನು ನಾನೇ ಓದಬೇಕು" ಎನ್ನುವುದು ಮೇಲು.

ಎರಡನೆಯದು, ಹೊಸ ಸಮಯ ಹುಡುಕಬೇಡಿ. ದಿನಾ ನಡೆಯುವ ಕೆಲಸವೊಂದರ ಜೊತೆ ಹತ್ತು ನಿಮಿಷ ಸೇರಿಸಿ. ಕ್ಯಾಲಿಫೋರ್ನಿಯಾದ ಒಂದು ಮನೆಯ ವಾರ ಹೀಗಿರಬಹುದು:

ಸೋಮವಾರ: ರಾತ್ರಿ ಊಟಕ್ಕೆ ಮುಂಚೆ ಭಾನುವಾರದ ಪಾಠವನ್ನು ಜೋರಾಗಿ ಓದುವುದು.
ಮಂಗಳವಾರ: ಈಜಿನ ದಿನ. ಕನ್ನಡಕ್ಕೆ ರಜೆ.
ಬುಧವಾರ: ಐದು ಪದಗಳ ಉಕ್ತಲೇಖನ.
ಗುರುವಾರ: ಅಂಗಡಿ ಸಾಮಾನಿನ ಪಟ್ಟಿ ಮಗುವೇ ಬರೆಯಲಿ. ಅಕ್ಕಿ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು: ನೋಡಿ, ಎಲ್ಲದರಲ್ಲೂ ಒತ್ತಕ್ಷರ!
ಶುಕ್ರವಾರ: ಮಲಗುವ ಮುಂಚೆ ಒಂದು ಪುಟ ಕಥೆ. ಒಂದು ಸಾಲು ಅಪ್ಪ, ಒಂದು ಸಾಲು ಮಗು.
ಶನಿವಾರ: ಸಂಜೆ ಏಳೂವರೆಗೆ ಊರಿಗೆ ಕರೆ. ಬೇಸಿಗೆಯಲ್ಲಿ ಆಗ ಅಲ್ಲಿ ಭಾನುವಾರ ಬೆಳಿಗ್ಗೆ ಎಂಟು. ನವೆಂಬರ್‌ನಲ್ಲಿ ಇಲ್ಲಿಯ ಗಡಿಯಾರ ಹಿಂದೆ ಹೋದ ಮೇಲೆ ಒಂಬತ್ತು. ಶುಕ್ರವಾರದ ಪುಟವನ್ನು ಅಜ್ಜಿ ತಾತನಿಗೆ ಓದಿ ಹೇಳಲಿ.

ಮೂರನೆಯದು, ಏನಾದರೊಂದನ್ನು ಕಡಿಮೆ ಮಾಡಿ. ತುಂಬಿದ ಡಬ್ಬಿಗೆ ಇನ್ನಷ್ಟು ತುರುಕಲಾಗದು. ಆ ಹತ್ತು ನಿಮಿಷ ಐಪ್ಯಾಡಿನಿಂದ ಬರಲಿ, ದೊಡ್ಡವರ ಫೋನಿನಿಂದಲೂ ಬರಲಿ. ಪಕ್ಕದಲ್ಲಿ ಕುಳಿತ ಅಮ್ಮ ಇಮೇಲ್ ನೋಡುತ್ತಿದ್ದರೆ ಮಗು ಎಷ್ಟು ಹೊತ್ತು ಓದೀತು?

ಒಂದು ದಿನ ತಪ್ಪಿದರೆ?

ಚಿಂತೆ ಬೇಡ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರ ದಿನಚರಿಯನ್ನು ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಅಭ್ಯಾಸವೊಂದು ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕಾಗಿತ್ತು. ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಬಹಳವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ನಷ್ಟವಾಗಲಿಲ್ಲ. ಹಾಗಾಗಿ ಜ್ವರ ಬಂತು, ನೆಂಟರು ಬಂದರು ಎಂದು ನಿಂತುಹೋದರೆ ಮರುದಿನ ಮತ್ತೆ ಶುರುಮಾಡಿ. ಎರಡು ತಿಂಗಳಾದರೂ ಬಿಡಬೇಡಿ. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ?

ಮಕ್ಕಳೇ, ಇದು ನಿಮಗೆ

ಯಾವ ದಿನ ಓದು, ಯಾವ ದಿನ ರಜೆ ಎಂದು ನೀವೇ ಆರಿಸಿ. ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಪ್ರತಿ ಭಾನುವಾರ ಸಂಜೆ ಐದು ನಿಮಿಷ ಅಪ್ಪ ಅಮ್ಮನ ಜೊತೆ ಕುಳಿತು ಯಾವುದು ನಡೆಯಿತು, ಯಾವುದು ಬದಲಾಗಬೇಕು ಎಂದು ನೋಡಿ. ನಡೆಯದ್ದನ್ನು ಬೇರೆ ದಿನಕ್ಕೆ ಹಾಕಿ, ಅಳಿಸಬೇಡಿ.

"ಕನ್ನಡ ಮಾತಾಡಲು ಬರುತ್ತದಲ್ಲ, ಬರೆಯುವುದೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಅಜ್ಜಿ ತಾತಂದಿರ ಕಿವಿ ಮಂದವಾದಾಗ ಫೋನಿನ ಮಾತು ಅವರಿಗೆ ಸರಿಯಾಗಿ ಕೇಳುವುದಿಲ್ಲ. ನೀವು ಬರೆದ ನಾಲ್ಕು ಸಾಲನ್ನು ಆಗಲೂ ಅವರು ಓದಬಲ್ಲರು, ಎಷ್ಟು ಸಲ ಬೇಕಾದರೂ.

ಈ ಸೋಮವಾರದಿಂದಲೇ ಆರಂಭಿಸೋಣ. ನಿಮ್ಮ ವಾರದ ಪಟ್ಟಿಯನ್ನು ಮುಂದಿನ ತರಗತಿಗೆ ತನ್ನಿ, ಎಲ್ಲರೂ ಸೇರಿ ನೋಡೋಣ.