ಯಾವ ಮದ್ದಿಗೆ ಮಣಿದೀತು ಈ ರೋಗಾಣು?

ಹಾಲಿಗೆ ಹೆಪ್ಪು ಹಾಕಿದ ಮೇಲೆ ಎಷ್ಟೇ ಅವಸರವಿದ್ದರೂ ಮೊಸರಿಗಾಗಿ ಬೆಳಗಿನವರೆಗೆ ಕಾಯಲೇಬೇಕು. ಆಸ್ಪತ್ರೆಯ ಪ್ರಯೋಗಾಲಯಕ್ಕೂ ಈ ಮಾತು ಅನ್ವಯಿಸುತ್ತದೆ. ರೋಗಿಯ ರಕ್ತದಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅದನ್ನು ಬೆಳೆಸಬೇಕು. ವ್ಯತ್ಯಾಸ ಇಷ್ಟೇ: ಮೊಸರಿಗೆ ಕಾಯುವುದರಿಂದ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಬ್ಬರಿಗೆ ಚಳಿಜ್ವರ ಬಂತೆನ್ನಿ. ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಗುಳಿಗೆಯನ್ನು ಎರಡು ದಿನ ನುಂಗಿದರು. ಜ್ವರ ಇಳಿಯಿತು, ಗುಳಿಗೆ ಬಿಟ್ಟರು. ವಾರದೊಳಗೆ ಜ್ವರ ಮರುಕಳಿಸಿತು, ರಕ್ತದೊತ್ತಡ ಕುಸಿಯಿತು. ಮನೆಯವರು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕರೆತಂದರು. ಸೋಂಕಿನಿಂದ ಮೈಯೆಲ್ಲ ನಂಜೇರುವ ಈ ಸ್ಥಿತಿಗೆ ‘ಸೆಪ್ಸಿಸ್’ ಎಂದು ಹೆಸರು. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ. ಆದ್ದರಿಂದ ವೈದ್ಯರು ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ, ಅನುಭವದ ಅಂದಾಜಿನ ಮೇಲೆ ಔಷಧ ಶುರು ಮಾಡುತ್ತಾರೆ. ಅಂದಾಜು ಸರಿಯಾದರೆ ರೋಗಿ ಚೇತರಿಸಿಕೊಂಡಾರು. ತಪ್ಪಿದರೆ?

ತಟ್ಟೆಯ ಮೇಲೊಂದು ಪರೀಕ್ಷೆ

ಬಾವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಕ್ರಮಬದ್ಧಗೊಳಿಸಿ ಪ್ರಕಟಿಸಿದ ವಿಧಾನವನ್ನು ವೈದ್ಯಕೀಯ ಕಾಲೇಜುಗಳಲ್ಲಿ ಇಂದಿಗೂ ಕಲಿಸುತ್ತಾರೆ. ಕಲಬುರಗಿಯ ಮಹಾದೇವಪ್ಪ ರಾಂಪುರೆ ಕಾಲೇಜು 1963ರಲ್ಲಿ ಆರಂಭವಾಯಿತು. ಈ ಪರೀಕ್ಷೆ ಅದಕ್ಕಿಂತ ಮೂರೇ ವರ್ಷ ಕಿರಿಯದು! ಅಗರ್ ಹಾಕಿ ಗಟ್ಟಿಗೊಳಿಸಿದ ಆಹಾರದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಬೇರೆ ಬೇರೆ ಔಷಧ ಹೀರಿಸಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿ ಕಳೆದರೆ ತಟ್ಟೆಯ ತುಂಬ ಮಸುಕು ಪದರ. ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿ ವೃತ್ತ. ಅದರ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕದೊಂದಿಗೆ ಹೋಲಿಸಿದರೆ ಉತ್ತರ ಸಿಗುತ್ತದೆ.

ಈಗ ಸಮಯದ ಲೆಕ್ಕ ಹಾಕಿ. ರಕ್ತದ ಬಾಟಲಿಯಲ್ಲಿ ರೋಗಾಣು ಬೆಳೆದು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ. ಅದನ್ನು ತಟ್ಟೆಯಲ್ಲಿ ಶುದ್ಧವಾಗಿ ಬೇರ್ಪಡಿಸಲು ಒಂದು ರಾತ್ರಿ. ಬಿಲ್ಲೆಯ ಪರೀಕ್ಷೆಗೆ ಮತ್ತೊಂದು ರಾತ್ರಿ. ಅಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ.

ನಾಲ್ಕು ಗಂಟೆಯಲ್ಲಿ ಉತ್ತರ

ನಡುವಿನ ರಾತ್ರಿಯನ್ನು ಉಳಿಸಲು ಸಾಧ್ಯವೇ? ಸಾಧ್ಯ ಎಂದಿತು ‘ಯೂಕಾಸ್ಟ್’ ಎಂಬ ಯುರೋಪಿನ ತಜ್ಞ ಸಮಿತಿ. ಅದು 2018ರಲ್ಲಿ ಹೊರತಂದ ವಿಧಾನದಲ್ಲಿ, ರೋಗಾಣು ಬೆಳೆದ ಬಾಟಲಿಯಿಂದ ಕೆಲವೇ ಹನಿಗಳನ್ನು ನೇರವಾಗಿ ತಟ್ಟೆಗೆ ಸವರಿ, ಅದೇ ಹಳೆಯ ಬಿಲ್ಲೆಗಳನ್ನಿಟ್ಟು, 4, 6 ಮತ್ತು 8 ಗಂಟೆಗಳ ನಂತರ ವೃತ್ತವನ್ನು ಅಳೆಯುತ್ತಾರೆ. ಇಷ್ಟು ಬೇಗ ಹೇಗೆ? ಅನುಕೂಲ ಸ್ಥಿತಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನಾಲ್ಕು ಗಂಟೆಯಲ್ಲಿ 12 ಬಾರಿ. ಅಂದರೆ ಒಂದಿದ್ದದ್ದು 4,096!

ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ ಎಂಬುದು ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಿಗೆ ಒಪ್ಪುವ ಗುಣ. ಮಿತಿಗಳೂ ಇವೆ. ಬ್ಯಾಕ್ಟೀರಿಯಾದ ಹೆಸರು ಗೊತ್ತಿರದೆ ಫಲಿತಾಂಶ ಓದುವಂತಿಲ್ಲ. ವೃತ್ತ ಅನುಮಾನದ ಅಳತೆಯಲ್ಲಿ ನಿಂತರೆ ಇನ್ನೆರಡು ಗಂಟೆ ಕಾಯಬೇಕು.

ಇನ್ನೊಂದು ದಾರಿ ಜೀನ್ ಪರೀಕ್ಷೆ. ಔಷಧವನ್ನು ಮುರಿಯುವ ಕಿಣ್ವದ ಜೀನ್ ರೋಗಾಣುವಿನಲ್ಲಿ ಇದೆಯೇ ಎಂದು ಒಂದೆರಡು ಗಂಟೆಯಲ್ಲಿ ಹುಡುಕಬಹುದು. ಇಂಥದೊಂದು ಕಿಣ್ವದ ಹೆಸರಿನಲ್ಲೇ ನಮ್ಮ ರಾಜಧಾನಿಯಿದೆ: 2009ರಲ್ಲಿ ವಿವರಿಸಲಾದ ‘ನ್ಯೂಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್’. ಆದರೆ ಜೀನ್ ಸಿಕ್ಕರೆ ಯಾವ ಮದ್ದು ನಾಟದು ಎಂದು ಊಹಿಸಬಹುದು. ಸಿಗದಿದ್ದರೆ ಮದ್ದು ನಾಟಿಯೇ ತೀರುತ್ತದೆ ಎನ್ನುವಂತಿಲ್ಲ. ಮೂತ್ರದ ಸೋಂಕಿಗೆ ಸುಮಾರು 45 ನಿಮಿಷದಲ್ಲಿ ಉತ್ತರ ಹೇಳುವ ಸಾಧನವೊಂದಕ್ಕೆ 2024ರಲ್ಲಿ ಬ್ರಿಟನ್ನಿನ 80 ಲಕ್ಷ ಪೌಂಡಿನ ‘ಲಾಂಜಿಟ್ಯೂಡ್’ ಬಹುಮಾನ ಸಂದಿದೆ.

ಮನೆಯಲ್ಲಿ ಮಾಡಬೇಕಾದ್ದು

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಅರೆಬರೆ ಪ್ರಮಾಣದ ಔಷಧ ರೋಗಾಣುವನ್ನು ಗಟ್ಟಿಗೊಳಿಸುತ್ತದೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದರು.

ಪಾಲಕರು ನೆನಪಿಡಬೇಕಾದ್ದು ಕೆಲವೇ ಮಾತು. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ತರಬೇಡಿ. ಹೋದ ವರ್ಷ ಉಳಿದದ್ದನ್ನು ಮಕ್ಕಳಿಗೆ ಕೊಡಬೇಡಿ. ನೆಗಡಿಯಂಥ ವೈರಸ್ ರೋಗಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ವೈದ್ಯರು ಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಈ ಮೊದಲು ನುಂಗಿದ ಗುಳಿಗೆಯ ಹೆಸರನ್ನು ಮುಚ್ಚಿಡದೆ ಹೇಳಿ. ಇನ್ನು ಜೀವಶಾಸ್ತ್ರದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿ ವಿಜ್ಞಾನ ಊರಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ಬರುವ ವಿದ್ಯೆ.

ಪರೀಕ್ಷೆ ಎರಡು ದಿನದಿಂದ ನಾಲ್ಕು ಗಂಟೆಗೆ ಇಳಿಯಬಹುದು. ಆದರೆ ರೋಗಾಣು ಮಣಿಯುವ ಮದ್ದು ಒಂದಾದರೂ ಉಳಿದಿದ್ದರೆ ತಾನೇ ಆ ವೇಗಕ್ಕೆ ಬೆಲೆ?